ಛತ್ರಿಯ ನೂರು ಪಾಲು

ಮಾರ್ಚ್ ೩

ಪ್ರೀತಿಯ ಕಡ್ಡಿಗೆ,

ಕ್ಷೇಮಸಮಾಚಾರ ಮೊನ್ನೆ ಫೋನಿನಲ್ಲೇ ಮುಗಿದಿದೆ, ಅದಕ್ಕೆ ಕಾಗದ ಖರ್ಚು ಮಾಡುವುದಿಲ್ಲ. ಫೋನಿನಲ್ಲಿ ಆಡಲಾಗದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಛತ್ರಿ ಕಾರ್ಖಾನೆ ಅಂದರೆ ಒಂದೇ ಕೋಣೆ. ನೀನು ಈ ಮೂಲೆಯಲ್ಲಿ "ಹಲೋ" ಅಂದರೆ ನಿನ್ನಪ್ಪ ಆ ಮೂಲೆಯಲ್ಲಿ ಕಿವಿ ನಿಮಿರಿಸುತ್ತಾನೆ. ನನ್ನಣ್ಣನ ಕಿವಿ ನನಗೆ ಗೊತ್ತಿಲ್ಲವೇ? ಕಣ್ಣು ಮಂಜಾದಷ್ಟೂ ಅದು ಚುರುಕಾಗುತ್ತಿದೆ.

ನೀನು ಆಫೀಸಿನ ಕೆಲಸ ಬಿಟ್ಟು ತಾತನ ಕೋಣೆಗೆ ಬಂದು ಕೂತದ್ದು ಒಂದು ಸುದ್ದಿ. ಛತ್ರಿಗಳನ್ನು ಆನ್‌ಲೈನ್ ಅಂಗಡಿಗೆ ಹಾಕಿದ್ದು ಎರಡನೆಯ ಸುದ್ದಿ. ಮೂರನೆಯದನ್ನು ನೀನು ಹೇಳಲಿಲ್ಲ, ಅಣ್ಣ ಹೇಳಿದ: "ಈ ಮಳೆಗಾಲ ಒಂದು ಅವಳ ಕೈಗೆ ಕೊಟ್ಟಿದ್ದೀನಿ. ಆಮೇಲೆ ಕೋಣೆ ಪಕ್ಕದ ಪೇಂಟ್ ಅಂಗಡಿಯವನಿಗೆ. ಅವನಿಗೆ ಗೋಡೌನ್ ಬೇಕಂತೆ." ಇದನ್ನು ಅವನು ತರಕಾರಿ ಬೆಲೆ ಹೇಳುವ ದನಿಯಲ್ಲಿ ಹೇಳಿದ. ಆ ದನಿ ಬಂತೆಂದರೆ ಅವನು ನಿಶ್ಚಯ ಮಾಡಿಕೊಂಡಿದ್ದಾನೆ ಅಂತ ಅರ್ಥ.

ನಾನು ಆ ಕೋಣೆಯಲ್ಲೇ ಹುಟ್ಟಿದವಳು. ಈ ಊರಿನ ಬಸ್ ನಿಲ್ದಾಣದ ಫುಟ್‌ಪಾತಿನಲ್ಲಿ ನಿಮ್ಮ ತಾತನ ಛತ್ರಿ ಹರಡಿಕೊಂಡು ಕೂತು, ಅಲ್ಲಿಂದ ಷಟರ್ ಇರುವ ಅಂಗಡಿಗೆ ಏರಿದವಳು. ಓದಿದ್ದು ಕಡಿಮೆ, ಮೋಸ ಹೋದದ್ದು ಇನ್ನೂ ಕಡಿಮೆ. ನನ್ನ ಲೆಕ್ಕವೆಲ್ಲ ನೂರರ ಮೇಲೆ. ಗಿರಾಕಿ ಕೊಡುವುದು ನೂರು ಅಂತಿಟ್ಟುಕೋ. ಅದರಲ್ಲಿ ಯಾರು ಯಾರು ಎಷ್ಟು ಕಚ್ಚಿಕೊಂಡು ಹೋಗುತ್ತಾರೆ, ಕೊನೆಗೆ ನಿನ್ನ ಅಂಗೈಯಲ್ಲಿ ಉಳಿಯುವುದೆಷ್ಟು, ಇಷ್ಟು ಬರೆದು ಕಳಿಸು. ಹೊಗಳಿಕೆ ಆಮೇಲೆ.

ನಿನ್ನ ಅತ್ತೆ


ಮಾರ್ಚ್ ೧೯

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಅಪ್ಪ ಅಂಚೆಯವರಿಂದ ಇಸಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಅವಳಿಗೇನು ಫೋನಿಗೆ ಬರ ಬಂತಾ?" ಅಂದರು. ಹೊಸ ಬಟ್ಟೆಯ ಬಣ್ಣದ ವಿಷಯ ಅಂತ ಸುಳ್ಳು ಹೇಳಿದೆ.

ಅತ್ತೆ, ಆರ್ಡರ್‌ಗಳು ಬರುತ್ತಿವೆ. ಮೊದಲ ವಾರ ಮೂರು, ಈಗ ದಿನಕ್ಕೆ ನಾಲ್ಕೈದು. ಕರಿ ಬಟ್ಟೆ, ಬೆತ್ತದ ಡೊಂಕು ಹಿಡಿ, ನಮ್ಮ ಅದೇ ಹಳೆಯ ಉದ್ದನೆ ಛತ್ರಿ. ನಾನು ನೋಡಿರದ ಊರುಗಳಿಗೆ ಹೋಗುತ್ತಿದೆ. ಒಬ್ಬರು ಬರೆದಿದ್ದಾರೆ: "ಬಿಚ್ಚಿದಾಗ ಬಾಗಿಲು ತೆರೆದ ಹಾಗೆ ಸದ್ದಾಗುತ್ತೆ." ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಸದ್ದಿಗೆ ಯಾರಾದರೂ ದುಡ್ಡು ಕೊಡ್ತಾರಾ?" ಅಂದರು. ಆದರೆ ಆಮೇಲೆ ಒಂದು ಛತ್ರಿಯನ್ನು ತಾವೇ ಎರಡು ಸಲ ಬಿಚ್ಚಿ ಮುಚ್ಚಿದ್ದು ನನಗೆ ಕೇಳಿಸಿತು.

ಆನ್‌ಲೈನ್ ಅಂಗಡಿಯ ಡಬ್ಬಿಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. "ಮುಖ ಕಾಣದ ಗಿರಾಕಿಗೆ ಯಾವ ಹಿಡಿ ಸರಿ ಅಂತ ಹ್ಯಾಗೆ ಹೇಳ್ತೀಯ?" ಅನ್ನುತ್ತಾರೆ.

ನಿಮ್ಮ ಲೆಕ್ಕ: ನೂರರಲ್ಲಿ ಬಟ್ಟೆ, ಕಡ್ಡಿ, ಕೋಲು, ಹಿಡಿ, ಕೂಲಿ ಸೇರಿ ನಲವತ್ತೆಂಟು. ಅಂಗಡಿಯವರ ಕಮಿಷನ್ ಹದಿನೈದು. ಉಳಿದದ್ದು ಮೂವತ್ತೇಳು. ಹೇಗಿದೆ? ಈಗ ಹೊಗಳಬಹುದು.

ನಿಮ್ಮ ಕಡ್ಡಿ


ಏಪ್ರಿಲ್ ೨

ಪ್ರೀತಿಯ ಕಡ್ಡಿಗೆ,

ಮೂವತ್ತೇಳು. ಓದಿ ನಕ್ಕೆ. ನೂರರಲ್ಲಿ ಮೂವತ್ತೇಳು ಉಳಿಯುವ ವ್ಯಾಪಾರ ಇದ್ದಿದ್ದರೆ ನಾನು ಈ ವಯಸ್ಸಿನಲ್ಲಿ ಸ್ಟೂಲಿನ ಮೇಲೆ ಹತ್ತಿ ಛತ್ರಿ ಇಳಿಸುತ್ತಿರಲಿಲ್ಲ.

ಕೋಪ ಮಾಡಿಕೊಳ್ಳದೆ ಉತ್ತರ ಹೇಳು. ಛತ್ರಿ ತಾನೇ ನಡೆದುಕೊಂಡು ಹೋಗುತ್ತದೆಯೇ? ಕೊರಿಯರಿನವರು ತೂಕಕ್ಕೆ ದುಡ್ಡು ತಗೊಳ್ಳುತ್ತಾರೋ ಉದ್ದಕ್ಕೋ? ನಮ್ಮ ಛತ್ರಿ ತೂಕದಲ್ಲಿ ಗುಬ್ಬಿ, ಉದ್ದದಲ್ಲಿ ಒಂಟೆ. ಆ ಡೊಂಕು ಹಿಡಿಯಿಂದಾಗಿ ಡಬ್ಬಿ ಅಗಲವೂ ಆಗುತ್ತದೆ. ಡಬ್ಬಿಯೊಳಗೆ ಮುಕ್ಕಾಲು ಪಾಲು ಗಾಳಿ. ಆ ಗಾಳಿಗೆ ಬಾಡಿಗೆ ಕಟ್ಟುವವರು ಯಾರು?

ಡಬ್ಬಿಗೆ, ಟೇಪಿಗೆ ಎಷ್ಟು? ಕಮಿಷನ್ ಬಿಟ್ಟು ಪ್ರತಿ ಆರ್ಡರಿಗೆ ಇಂತಿಷ್ಟು ಅಂತ ಬೇರೆ ಕೀಳುತ್ತಾರಂತೆ, ನಮ್ಮ ಬೀದಿಯ ಗಡಿಯಾರ ರಿಪೇರಿಯವನು ಹೇಳಿದ. ಅವನೂ ಒಮ್ಮೆ ಆನ್‌ಲೈನಿನಲ್ಲಿ ಗಡಿಯಾರದ ಪಟ್ಟಿ ಮಾರಲು ಹೋಗಿ ಕೈ ಸುಟ್ಟುಕೊಂಡವನು. ಹುಡುಕಿದಾಗ ನಿನ್ನ ಛತ್ರಿ ಮೇಲೆ ಕಾಣಲಿ ಅಂತ ಜಾಹೀರಾತಿಗೆ ಎಷ್ಟು ಸುರಿಯುತ್ತಿದ್ದೀಯ? ವಾಪಸ್ ಬಂದ ಛತ್ರಿಗೆ ಹೋಗುವ ಖರ್ಚು ಯಾರದು, ಬರುವ ಖರ್ಚು ಯಾರದು? ದುಡ್ಡು ಕೈಗೆ ಬರುವುದು ಯಾವಾಗ? ಅಲ್ಲಿಯವರೆಗೆ ಬಟ್ಟೆಯವನಿಗೆ ಏನು ಹೇಳುತ್ತೀಯ?

ನೀನು ಕಲಿತವಳು, ನನಗಿಂತ ಚೆನ್ನಾಗಿ ಕೂಡಿಸಬಲ್ಲೆ. ಆದರೆ ಕಾಣದ್ದನ್ನು ಕೂಡಿಸುವುದು ಬೇರೆ ವಿದ್ಯೆ. ತೂತು ಕೊಡಕ್ಕೆ ನೀರು ಹೊಯ್ಯುವವರಿಗೆ ಮೊದಲು ಕಾಣುವುದು ನೀರು, ತೂತಲ್ಲ.

ಬೇಗ ಬರೆ.

ನಿನ್ನ ಅತ್ತೆ


ಮೇ ೧೧

ಪ್ರೀತಿಯ ಅತ್ತೆಗೆ,

ಉತ್ತರ ತಡವಾಯಿತು. ಕೆಲಸ ಜಾಸ್ತಿ. ಅಪ್ಪ ಚೆನ್ನಾಗಿದ್ದಾರೆ. ಪೇಂಟ್ ಅಂಗಡಿಯವರು ದಿನಾ ಬಾಗಿಲಲ್ಲಿ ನಿಂತು, "ಹ್ಯಾಗೆ ನಡೀತಿದೆಯಮ್ಮ?" ಅನ್ನುತ್ತಾ ಕಣ್ಣಲ್ಲೇ ಗೋಡೆ ಅಳೆಯುತ್ತಾರೆ.

ನಿಮ್ಮ ಪ್ರಶ್ನೆಗಳಿಗೆ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ. ಒಂದು ಒಳ್ಳೆಯ ಸುದ್ದಿ ಮಾತ್ರ ಈಗಲೇ ಹೇಳಬೇಕು. ನಿಮ್ಮ ಊರಿನಲ್ಲಿ ನಮ್ಮ ಛತ್ರಿಗೆ ಹೆಸರು ಬಂದಿದೆ! ಈ ತಿಂಗಳು ಅಲ್ಲಿಂದಲೇ ಹನ್ನೊಂದು ಆರ್ಡರ್, ಎಲ್ಲ ನಿಮ್ಮ ಅಂಗಡಿಯ ಸುತ್ತಮುತ್ತ. ಟೈಲರ್ ಒಬ್ಬರು, ನರ್ಸ್ ಒಬ್ಬರು, ಪಂಕ್ಚರ್ ಅಂಗಡಿ ಒಂದು. ಒಬ್ಬರ ಕೈಯಲ್ಲಿ ನೋಡಿ ಇನ್ನೊಬ್ಬರು ಕೇಳುತ್ತಿರಬೇಕು. ಬೇರೆ ಯಾವ ಊರಿನಲ್ಲೂ ಹೀಗಾಗಿಲ್ಲ. ಅದಕ್ಕೇ ಜಾಹೀರಾತಿನ ದುಡ್ಡನ್ನೆಲ್ಲ ನಿಮ್ಮ ಊರಿನ ಕಡೆಗೇ ತಿರುಗಿಸಿದ್ದೇನೆ. ಕಿಡಿ ಹತ್ತಿದ ಕಡೆಯೇ ಗಾಳಿ ಊದಬೇಕಲ್ಲವೇ?

ನಿಮ್ಮ ಕಡ್ಡಿ


ಮೇ ೨೦

ಪ್ರೀತಿಯ ಕಡ್ಡಿಗೆ,

ಜಾಹೀರಾತು ನಿಲ್ಲಿಸು. ಈ ಕಾಗದ ಸಿಕ್ಕ ದಿನವೇ ನಿಲ್ಲಿಸು.

ನಮ್ಮ ಊರಿನವರ ಬಗ್ಗೆ ನಿನಗೆ ಗೊತ್ತಿಲ್ಲ. ಇವರು ಮಳೆ ಬಂದರೆ ಅಂಗಡಿ ಸೂರಿನ ಕೆಳಗೆ ನಿಂತು ಹರಟೆ ಹೊಡೆಯುವ ಜನ, ಛತ್ರಿ ಕೊಳ್ಳುವ ಜನ ಅಲ್ಲ. ಇಷ್ಟು ವರ್ಷ ಮಾರಿದವಳು ಹೇಳುತ್ತಿದ್ದೇನೆ. ಹನ್ನೊಂದು ಜನ ಕೊಂಡರು ಅಂದರೆ ಏನೋ ಗ್ರಹಚಾರ ಅಂದುಕೋ. ಹನ್ನೆರಡನೆಯವನು ಸಿಗುವುದಿಲ್ಲ.

ಲೆಕ್ಕ ಕೇಳಿದ್ದೆ, ಕಳಿಸಿಲ್ಲ. ನೀನು ಬರೆಯದೆ ಬಿಟ್ಟದ್ದನ್ನೂ ನಾನು ಓದಬಲ್ಲೆ. ಸೋತಿದ್ದರೆ ಸೋತೆ ಅಂತ ಹೇಳುವುದರಲ್ಲಿ ಏನೂ ಕಳೆದುಹೋಗುವುದಿಲ್ಲ. ಆಫೀಸಿನವರು ಮತ್ತೆ ಕರೆದರೆ ಹೋಗು. ಕೋಣೆ ಹೋದರೆ ಹೋಯಿತು, ಕಲ್ಲು ಗಾರೆ ಅಷ್ಟೇ.

ಕೊನೆಯ ಮಾತನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬರೆದೆ.

ನಿನ್ನ ಅತ್ತೆ


ಜೂನ್ ೨೭

ಪ್ರೀತಿಯ ಅತ್ತೆಗೆ,

ಇದು ಉದ್ದನೆ ಕಾಗದ. ಸ್ಟೂಲಿನಿಂದ ಇಳಿದು ಕೂತು ಓದಿ.

ಹೋದ ವಾರ ಒಂದು ಛತ್ರಿ ನಿಮ್ಮ ಊರಿನಿಂದ ವಾಪಸ್ ಬಂತು. ಕಾರಣ: "ಚಿತ್ರದಲ್ಲಿ ಇದ್ದ ಹಾಗಿಲ್ಲ." ಕಳಿಸಿದವರು ಆ ಟೈಲರ್. ನಾನು ಬಟ್ಟೆ ತರಲು ಹೋಗಿದ್ದೆ. ಡಬ್ಬಿ ನಡುವಿನಲ್ಲಿ ಮುರಿದು ಬಾಗಿಲಲ್ಲೇ ಬಾಯಿ ಬಿಟ್ಟಿತ್ತಂತೆ, ಹಾಗಾಗಿ ಅಪ್ಪ ಎತ್ತಿಕೊಂಡಿದ್ದಾರೆ. ನಾನು ಬಂದಾಗ ಛತ್ರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬೆರಳಿಂದ ಸವರುತ್ತಿದ್ದರು.

"ಇದನ್ನ ಗಿರಾಕಿ ಸುತ್ತಿಲ್ಲ," ಅಂದರು.

"ಮತ್ತೆ?"

"ಎಂಟು ಹೋಳನ್ನೂ ಒಂದೊಂದಾಗಿ ಎಳೆದು, ಎಡಕ್ಕೆ ಮಡಿಸಿ, ಕಟ್ಟೋ ಪಟ್ಟಿಯ ತುದೀನ ಒಳಗೆ ಸಿಕ್ಕಿಸಿದೆ. ನಮ್ಮಪ್ಪ ಇದನ್ನ ಕಲಿಸಿದ್ದು ಇಬ್ಬರಿಗೆ. ನನಗೆ, ನಿನ್ನ ಅತ್ತೆಗೆ. ನಾನಂತೂ ವಾಪಸ್ ಕಳಿಸಿಲ್ಲ."

ಅತ್ತೆ, ಟೈಲರ್, ನರ್ಸ್, ಪಂಕ್ಚರ್ ಅಂಗಡಿ ಎಲ್ಲ ನೀವೇ ಅಲ್ಲವೇ? ಹತ್ತನ್ನು ನನಗೆ ಉತ್ಸಾಹ ಬರಲಿ ಅಂತ ಕೊಂಡಿರಿ, ಹನ್ನೊಂದನೆಯದನ್ನು ವಾಪಸಿನ ಖರ್ಚು ಯಾರ ತಲೆಗೆ ಬರುತ್ತದೆ ಅಂತ ಪರೀಕ್ಷೆ ಮಾಡಲು ಹಿಂದಕ್ಕೆ ಕಳಿಸಿದಿರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಆದರೆ ಛತ್ರಿಯನ್ನು ಅಡ್ಡಾದಿಡ್ಡಿ ಸುತ್ತುವುದಕ್ಕೆ ಮಾತ್ರ ನಿಮ್ಮ ಕೈ ಒಪ್ಪಲಿಲ್ಲ.

ಪರೀಕ್ಷೆಯ ಫಲಿತಾಂಶ ಹೇಳುತ್ತೇನೆ, ಕೇಳಿ. ನಿಮ್ಮ ಏಪ್ರಿಲ್ ಕಾಗದ ಬಂದ ರಾತ್ರಿಯೇ ಕೂತು ಕೂಡಿಸಿದ್ದೆ. ನೂರರಲ್ಲಿ ಛತ್ರಿಗೆ ನಲವತ್ತೆಂಟು, ಕಮಿಷನ್ ಹದಿನೈದು. ಪ್ರತಿ ಆರ್ಡರಿನ ಶುಲ್ಕ ಐದು. ಸಾಗಣೆ ಇಪ್ಪತ್ನಾಲ್ಕು, ನೀವು ಹೇಳಿದ ಹಾಗೆ ಗಾಳಿಗೆ ಬಾಡಿಗೆ. ಡಬ್ಬಿ ನಾಲ್ಕು. ಜಾಹೀರಾತು ಎಂಟು. ಅಲ್ಲೊಂದು ಇಲ್ಲೊಂದು ವಾಪಸ್ ಬರುವುದನ್ನು ಎಲ್ಲ ಛತ್ರಿಗೂ ಹಂಚಿದರೆ ಆರು. ಒಟ್ಟು ನೂರಹತ್ತು. ಮೂವತ್ತೇಳು ಉಳಿಯುತ್ತದೆ ಅಂತ ಬರೆದವಳು ಪ್ರತಿ ಛತ್ರಿಯ ಜೊತೆ ಹತ್ತು ಕಟ್ಟಿ ಕಳಿಸುತ್ತಿದ್ದಳು. ನೀವು ಇಟ್ಟುಕೊಂಡ ಹತ್ತು ಛತ್ರಿಗೆ ನಾನು ಕಳೆದುಕೊಂಡದ್ದು ಒಂದು ಇಡೀ ಛತ್ರಿಯ ಬೆಲೆ. ಹನ್ನೊಂದನೆಯದರಲ್ಲಿ ಹೋಗಲು ಇಪ್ಪತ್ನಾಲ್ಕು, ಬರಲು ಇಪ್ಪತ್ನಾಲ್ಕು, ಎರಡೂ ನನ್ನ ತಲೆಗೆ. ಇನ್ನು ನಿಮ್ಮ ಊರಿಗೆ ಊದಿದ ಜಾಹೀರಾತನ್ನು ಬರೆಯುವುದಿಲ್ಲ, ನಿಮಗೆ ನಿದ್ದೆ ಬರಬೇಕು.

ನಿಮಗೆ ಹೇಳಲಿಲ್ಲ, ಯಾಕೆಂದರೆ ಹೇಳಿದ್ದರೆ "ಬಿಟ್ಟುಬಿಡು" ಅನ್ನುತ್ತಿದ್ದಿರಿ. ಕೊನೆಗೆ ಹೇಳದೆಯೂ ಅಂದಿರಿ.

ಬಿಡಲು ಮನಸ್ಸಾಗಲಿಲ್ಲ. ವಾಪಸ್ ಬಂದ ಛತ್ರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದೆ. ಬಟ್ಟೆ ಹರಿದದ್ದು ಒಂದೂ ಇಲ್ಲ, ಕಡ್ಡಿ ಸಡಿಲಾದದ್ದು ಒಂದೂ ಇಲ್ಲ. ಎಲ್ಲ ದಾರಿಯಲ್ಲೇ ಕೋಲು ಬಿರಿದು, ತುದಿ ಬಾಗಿ ಕೆಟ್ಟವು. ಉದ್ದನೆ ಡಬ್ಬಿ ನಡುವೆ ಬಾಗುತ್ತದೆ, ಛತ್ರಿಯ ತುದಿ ಡಬ್ಬಿ ತೂರಿ ಹೊರಬರುತ್ತದೆ. ಅಂದರೆ ಸಾಗಣೆಯ ಇಪ್ಪತ್ನಾಲ್ಕು, ಡಬ್ಬಿಯ ನಾಲ್ಕು, ವಾಪಸಿನ ಆರು, ಈ ಮೂರೂ ಒಂದೇ ರೋಗ. ಉದ್ದ, ಮತ್ತು ಆ ಡೊಂಕು ಹಿಡಿ. ಹಿಡಿಯನ್ನು ಬಿಚ್ಚುವಂತೆ ಮಾಡಿ ಕೋಲಿನ ಪಕ್ಕದಲ್ಲಿ ಮಲಗಿಸಿದರೆ? ಕೋಲನ್ನು ಕತ್ತರಿಸಿ ಮರದಲ್ಲೇ ತಿರುಪು ಕೊರೆದೆ. ನೀರು ಕುಡಿದು ಉಬ್ಬಿತು, ಬಿಚ್ಚಲು ಬರಲಿಲ್ಲ. ಮತ್ತೆ ಕೊರೆದೆ, ಸವೆದು ಅಲ್ಲಾಡಿತು. ಅಪ್ಪ ಮಲಗಿದ ಮೇಲೆ ಮಾಡುತ್ತಿದ್ದೆ. ಹಾಳಾದ ಕೋಲುಗಳನ್ನು ಮಂಚದ ಕೆಳಗೆ ತಳ್ಳಿದ್ದೆ.

ನಿಮ್ಮ ಛತ್ರಿ ಬಂದ ದಿನ ಅಪ್ಪ ಮುರಿದ ಡಬ್ಬಿಯನ್ನು ಎತ್ತಿ ಹಿಡಿದು, "ಇದಕ್ಕೇನಾ ನೀನು ಕೋಲು ಕುಯ್ತಾ ಇರೋದು?" ಅಂದರು. ಕಿವಿ ಚುರುಕು ಅಂತ ನೀವು ಬರೆದದ್ದು ಸರಿ. ಮಂಚದ ಕೆಳಗಿಂದ ಎಲ್ಲ ಹೊರಗೆ ಎಳೆಸಿದರು. ಒಂದೊಂದನ್ನೂ ಬೆರಳಿಂದ ನೋಡಿದರು.

"ಕುಯ್ದ ಜಾಗ ಸರಿಯಾಗಿದೆ. ಬಟ್ಟೆ ಮುಗಿಯೋ ಕಡೆ, ಕೈ ಹಿಡಿಯೋಕೆ ಮುಂಚೆ. ನಾನಾಗಿದ್ರೆ ನಡುವೆ ಕುಯ್ದು ಕೆಡಿಸ್ತಿದ್ದೆ," ಅಂದರು. ಸವೆದ ತಿರುಪನ್ನು ಉಗುರಿಂದ ಕೆರೆದು, "ಮರಕ್ಕೆ ಮರ ಕಚ್ಚಿಸಬೇಡ. ಹಿತ್ತಾಳೆ ಕೊಳವೆ ಹಾಕು," ಅಂದರು.

ಹಾಕಿದೆವು. ಛತ್ರಿಗೆ ಎರಡು ಹೆಚ್ಚಾಗಿ ಐವತ್ತಾಯಿತು. ಸಾಗಣೆ ಹನ್ನೆರಡಕ್ಕೆ ಇಳಿಯಿತು, ಡಬ್ಬಿ ಮೂರು. ವಾಪಸು ನಾಲ್ಕು, ಜಾಹೀರಾತು ನಾಲ್ಕು, ಇವೆರಡು ಇನ್ನೂ ನನ್ನ ಅಂದಾಜು. ಅವರ ಕಮಿಷನ್ ಮತ್ತು ಶುಲ್ಕ ಸೇರಿ ಇಪ್ಪತ್ತು, ಅದರಲ್ಲಿ ಬದಲಾವಣೆ ಇಲ್ಲ. ಉಳಿಯುವುದು ಏಳು.

ಬರೀ ಏಳು. ಆದರೆ ಕೂಡಿಸಿ ನೋಡಿ, ಈ ಸಲ ತೂತಿಲ್ಲ.

ನಿಮ್ಮ ಕಡ್ಡಿ


ಜುಲೈ ೬

ಪ್ರೀತಿಯ ಕಡ್ಡಿಗೆ,

ಕೂಡಿಸಿದೆ. ತೂತಿಲ್ಲ.

ಹೋದ ಸಲ ಕಲ್ಲು ಗಾರೆ ಅಂತ ಬರೆದವಳು ಈ ಸಲ ಏನು ಬರೆಯಬೇಕೋ ತಿಳಿಯದೆ ಅಂಗಡಿಯ ಮುಂದೆ ಎರಡು ಸಲ ಓಡಾಡಿ ಬಂದೆ. ಟೈಲರ್ ಕೇಳಿದ: "ಏನಕ್ಕಾ, ಸಿಕ್ಕಿಬಿದ್ವಾ?" "ನೀನಲ್ಲ, ನಾನು," ಅಂದೆ. ಹತ್ತು ಛತ್ರಿಯೂ ಮಹಡಿಯ ಮೇಲೆ ಸಾಲಾಗಿ ಕೂತಿವೆ. ಮಾರಿದರೆ ಅಣ್ಣನಿಗೆ ಕೊಡುವ ಲೆಕ್ಕದಲ್ಲಿ ಹತ್ತು ಹೆಚ್ಚಾಗಿ ಗುಟ್ಟು ಬಯಲಾಗುತ್ತದೆ ಅಂತ ಇಳಿಸಿರಲಿಲ್ಲ. ನೂರರ ಲೆಕ್ಕ ಊರಿಗೆಲ್ಲ ಹೇಳುವವಳು ಅಣ್ಣನ ಮಗಳಿಗೆ ಸಹಾಯ ಮಾಡಲು ಹೋಗಿ ಅವಳ ಜೇಬನ್ನೇ ಕತ್ತರಿಸಿದೆ. ಇರಲಿ.

ಈಗ ಹೊಗಳಿಕೆ. ನಷ್ಟ ಕಂಡಾಗ ಜನ ಎರಡು ಕೆಲಸ ಮಾಡುತ್ತಾರೆ. ಬೆಲೆ ಏರಿಸುತ್ತಾರೆ, ಇಲ್ಲ ಬಟ್ಟೆ ತೆಳ್ಳಗೆ ಮಾಡುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ನೀನು ಎರಡನ್ನೂ ಬಿಟ್ಟು ಮುರಿದುಬಂದ ಸರಕನ್ನು ಸಾಲಾಗಿ ನಿಲ್ಲಿಸಿ ಎಲ್ಲಿ ನೋವು ಅಂತ ಕೇಳಿದೆ. ಮೂರು ಖರ್ಚು ಒಂದೇ ರೋಗ ಅಂತ ಕಂಡುಹಿಡಿದೆಯಲ್ಲ, ಅದು ನನಗೆ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಅಣ್ಣ "ನಾನಾಗಿದ್ರೆ ಕೆಡಿಸ್ತಿದ್ದೆ" ಅಂದದ್ದನ್ನು ಇನ್ನೊಮ್ಮೆ ಓದಿದೆ. ಅವನ ಬಾಯಿಂದ ಅಂಥ ಮಾತು ಹೊರಡಿಸಲು ನಮ್ಮಪ್ಪ ಕೂಡ ಕಷ್ಟಪಟ್ಟಿದ್ದ.

ಆದರೆ ಏಳರಲ್ಲಿ ಕೋಣೆ ಉಳಿಯುತ್ತದೆಯೇ? ಉಳಿಯುವುದಿಲ್ಲ, ನಿನಗೂ ಗೊತ್ತು. ಹಿಡಿ ಬಿಚ್ಚುವ ಛತ್ರಿ ಆನ್‌ಲೈನಿಗೆ ಹೋಗಲಿ. ಹಳೆಯ ಉದ್ದನೆಯದನ್ನು ಅಲ್ಲಿಂದ ತೆಗೆದು ಪೂರ್ತಿ ನನ್ನ ಅಂಗಡಿಗೆ ಕಳಿಸು. ಮೊದಲಿನಿಂದ ನಡೆದುಬಂದ ಷರತ್ತು, ಹೊಸದೇನೂ ಇಲ್ಲ. ಮನೆಯವರೊಳಗೆ ಕಮಿಷನ್ ಕಾಟ ಇಲ್ಲವಲ್ಲ.

ನಿನ್ನ ಅತ್ತೆ


ಜುಲೈ ೧೫

ಪ್ರೀತಿಯ ಅತ್ತೆಗೆ,

ಹೊಗಳಿಕೆಯನ್ನು ಅಪ್ಪನಿಗೆ ಓದಿ ಹೇಳಿದೆ. "ತೆಳ್ಳಗಿನ ಬಟ್ಟೆ ಯಾವ ವರ್ಷದ್ದು ಅಂತ ಕೇಳು," ಅಂದರು.

ಮೊದಲಿನ ಷರತ್ತು ಅಂದಿರಿ. ನೀವೇ ಕಲಿಸಿದ ವಿದ್ಯೆ, ನಿಮ್ಮ ಅಂಗಡಿಯನ್ನೂ ನೂರರ ಮೇಲೆ ಇಟ್ಟು ನೋಡಿದೆ. ತಪ್ಪು ತಿಳಿಯಬೇಡಿ.

ನಿಮ್ಮ ಪಾಲು ಮೂವತ್ತು. ಬಸ್ಸಿಗೆ ಹಾಕುವ ಖರ್ಚು ನಮ್ಮದು, ನಾಲ್ಕು. ದುಡ್ಡು ಬರುವುದು ಮೂರು ತಿಂಗಳಿಗೆ. ಅಷ್ಟು ದಿನ ಬಟ್ಟೆಯವರು ಸುಮ್ಮನಿರುವುದಿಲ್ಲ, ಸಾಲದ ಸರಕಿಗೆ ಮೂರು ಹೆಚ್ಚು ಹಾಕುತ್ತಾರೆ. "ಹಳೇ ಗಿರಾಕಿ ಕಣೋ, ಐದು ಬಿಡು" ಅಂತ ಪ್ರತಿ ಸಲ ನೀವು ಅಪ್ಪನಿಂದ ಬಿಡಿಸುವುದು ಐದು. ಮಳೆಗಾಲ ಮುಗಿದ ಮೇಲೆ ಮಾರದೆ ಉಳಿದವು ಗಾಜಿನ ಹಿಂದೆ ಬಿಸಿಲಿಗೆ ಬಣ್ಣ ಬಿಟ್ಟು ವಾಪಸ್ ಬರುತ್ತವೆ, ಬಟ್ಟೆ ಬದಲಾಯಿಸಬೇಕು. ಅದು ಎಂಟು. ಒಟ್ಟು ಐವತ್ತು.

ಹಿಡಿ ಬಿಚ್ಚುವ ಛತ್ರಿಗೆ ಆನ್‌ಲೈನ್ ಅಂಗಡಿ, ಸಾಗಣೆ, ಡಬ್ಬಿ, ವಾಪಸು, ಜಾಹೀರಾತು ಎಲ್ಲ ಸೇರಿ ನಲವತ್ತಮೂರು. ಅವರು ಮುಖ ಕಾಣದವರು, ಆದರೂ ಹದಿನೈದು ದಿನಕ್ಕೆ ದುಡ್ಡು ಹಾಕುತ್ತಾರೆ. ಅತ್ತೆ, ನೀವು ಅವರಿಗಿಂತ ದುಬಾರಿ.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಕಾಗದದ ಅಭ್ಯಾಸ ಮಾಡಿಸಿದ್ದಕ್ಕೆ ನೀವೇ ಅನುಭವಿಸಬೇಕು.

ನಿಮ್ಮ ಕಡ್ಡಿ


ಜುಲೈ ೨೪

ಕಡ್ಡಿ,

ನಿನ್ನ ಕಾಗದವನ್ನು ಮೂರು ದಿನ ಗಲ್ಲಾಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಮುಚ್ಚಿಟ್ಟರೂ ಅದು ಐವತ್ತು, ಐವತ್ತು ಅನ್ನುತ್ತಲೇ ಇತ್ತು.

ಒಂದಂಕಿಯನ್ನೂ ಅಲ್ಲಾಡಿಸಲು ಆಗಲಿಲ್ಲ. ಎಂಟು ಅಲ್ಲ ಏಳು ಅಂತ ವಾದಿಸೋಣ ಅಂದುಕೊಂಡೆ, ಗಾಜಿನ ಕಡೆ ನೋಡಿದೆ, ಬಿಸಿಲು ಬಿದ್ದಿತ್ತು. ಇಷ್ಟು ವರ್ಷ ಅಣ್ಣ ಒಂದು ಸಲವೂ ತುಟಿ ಬಿಚ್ಚಲಿಲ್ಲ. ತಂಗಿ ಅಂತ ಅವನು ಲೆಕ್ಕ ಹಾಕಲಿಲ್ಲ, ಅಣ್ಣ ಅಂತ ನಾನು ಲೆಕ್ಕ ಹಾಕಲಿಲ್ಲ. ಸಂಬಂಧದ ಹೆಸರಲ್ಲಿ ಕಾಣದ ಖರ್ಚು ಬೆಳೆಯುವಷ್ಟು ಬೇರೆಲ್ಲೂ ಬೆಳೆಯುವುದಿಲ್ಲ.

ನನ್ನ ಮಾತು ಇದು. ಮೂವತ್ತು ಮೂವತ್ತೇ. ಅದರಲ್ಲಿ ಒಂದು ಕಾಳನ್ನೂ ಬಿಡುವುದಿಲ್ಲ. ಅದು ನನ್ನ ಬಾಡಿಗೆ, ನನ್ನ ದೀಪ, ನನ್ನ ಮಂಡಿನೋವು. ಉಳಿದ ಇಪ್ಪತ್ತು ಬಿಟ್ಟೆ. ಸರಕು ಇಳಿದ ದಿನ ದುಡ್ಡು. ಬಸ್ಸಿನ ಖರ್ಚು ನನ್ನದು. ಮಾರದೆ ಉಳಿದರೆ ನನ್ನ ತಲೆನೋವು. "ಐದು ಬಿಡು" ಅಂದರೆ ಮುಖಕ್ಕೆ ಹೇಳು. ನಿನಗೆ ಉಳಿಯುವುದು ಇಪ್ಪತ್ತೆರಡು. ಮೊದಲ ಕಂತಿಗೆ ಅರವತ್ತು ಛತ್ರಿ ಕಳಿಸು, ದುಡ್ಡನ್ನು ಇವತ್ತೇ ಬ್ಯಾಂಕಿಗೆ ಹಾಕಿದ್ದೇನೆ. ಮಹಡಿಯ ಹತ್ತನ್ನು ಇಳಿಸಿ ಗಾಜಿನಿಂದ ದೂರ ನೇತುಹಾಕಿದೆ.

ನನ್ನನ್ನು ಇಷ್ಟು ಚೊಕ್ಕವಾಗಿ ಯಾರೂ ಸುಲಿದಿರಲಿಲ್ಲ. ಗಡಿಯಾರ ರಿಪೇರಿಯವನಿಗೆ ನಿನ್ನ ಕಾಗದ ಓದಿಸಿದೆ. "ಈ ಹುಡುಗಿ ನಂಗೆ ಮೊದಲೇ ಸಿಕ್ಕಿದ್ರೆ," ಅಂದ. ಸಿಗುವುದಿಲ್ಲ, ನಮ್ಮವಳು, ಅಂದೆ.

ಅತ್ತೆ


ಅಕ್ಟೋಬರ್ ೪

ಪ್ರೀತಿಯ ಅತ್ತೆಗೆ,

ಫೋನಿನಲ್ಲಿ ಹೇಳಬಹುದಾಗಿತ್ತು. ಆದರೆ ಇದನ್ನು ನೀವು ಸಾವಕಾಶವಾಗಿ ಓದಲಿ ಅಂತ.

ಮಳೆ ನಿಂತು ವಾರವಾಯಿತು. ಆನ್‌ಲೈನಿನಲ್ಲಿ ಆರ್ಡರ್ ಅರ್ಧಕ್ಕಿಳಿದಿದೆ. ವಾಪಸಿಗೆ ನಾಲ್ಕು ಅಂದುಕೊಂಡಿದ್ದೆ, ಮೂರಾಯಿತು, ಆದರೆ ಅವರು ಶುಲ್ಕವನ್ನು ಐದರಿಂದ ಆರಕ್ಕೆ ಏರಿಸಿದರು. ಮತ್ತೆ ಏಳೇ. ನಿಮ್ಮ ಅಂಗಡಿಯ ಇಪ್ಪತ್ತೆರಡು ಇಲ್ಲದಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ಅಪ್ಪ ನನ್ನ ಕೈಗೆ ಕೊಟ್ಟ ಮಳೆಗಾಲ ಮುಗಿಯಿತು. ಅವರ ಮಾತು ಅವರ ಮಾತು.

ನಿನ್ನೆ ಬೆಳಿಗ್ಗೆ ಪೇಂಟ್ ಅಂಗಡಿಯವರು ಅಳತೆ ಟೇಪ್ ಹಿಡಿದುಕೊಂಡು ಬಂದರು. "ರ‍್ಯಾಕ್ ಮಾಡ್ಸೋಕೆ ಬಡಗೀಗೆ ಹೇಳಿದೀನಿ, ಗೋಡೆ ಎಷ್ಟುದ್ದ ಅಂತ ನೋಡ್ಕೊಂಡ್ಹೋಗ್ತೀನಿ," ಅಂದರು. ನಾನು ಹಿತ್ತಾಳೆ ಕೊಳವೆ ತಿಕ್ಕುತ್ತಿದ್ದೆ.

ಅಪ್ಪ ಎದ್ದರು. ಟೇಪಿನ ತುದಿ ಹಿಡಿದುಕೊಂಡು ಗೋಡೆ ಸವರುತ್ತಾ ಆ ಮೂಲೆಯವರೆಗೆ ನಡೆದರು. "ಎಷ್ಟು ತೋರಿಸ್ತಿದೆ?" ಅಂತ ಕೇಳಿದರು. ಪೇಂಟ್ ಅಂಗಡಿಯವರು ಓದಿ ಹೇಳಿದರು. "ಕಿಟಕಿ ಕೆಳಗೆ?" ಅದನ್ನೂ ಹೇಳಿದರು. ಬಾಗಿಲ ಹಿಂದಿನ ಜಾಗವನ್ನೂ ಅಳೆಸಿದರು.

ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಂಡ್ಯಾ? ಉದ್ದನೆಯವು ಕಿಟಕಿ ಕೆಳಗಿರಲಿ. ಹಿಡಿ ಬಿಚ್ಚೋದರ ಡಬ್ಬಿ ಬಾಗಿಲ ಹಿಂದೆ ಹಿಡಿಯುತ್ತೆ," ಅಂದರು. ಪೇಂಟ್ ಅಂಗಡಿಯವರ ಕೈಗೆ ಟೇಪಿನ ತುದಿ ಕೊಟ್ಟು, "ಉಪಕಾರವಾಯ್ತು. ನನಗೆ ಅಂಕಿ ಕಾಣಿಸೋಲ್ಲ. ಆ ಬಡಗೀನ ಈ ಕಡೆಗೇ ಕಳಿಸಿ," ಅಂದರು.

ನಿಮ್ಮ ಕಡ್ಡಿ